ರಾಲಿಗೆ ಮೇಜರ್ ಲೀಗ್ ಬೇಸ್‌ಬಾಲ್ ತಂಡ ಬೇಕೆ? ಬೇಕಾದರೆ, ಸಾಲ ಯಾರ ಹೆಸರಿನಲ್ಲಿ?

ಪ್ರಶ್ನೆ: ನಾವಿರುವುದು ಉತ್ತರ ಕ್ಯಾರೊಲಿನಾದ ಕ್ಯಾರಿಯಲ್ಲಿ. ರಾಲಿಗೆ ಮೇಜರ್ ಲೀಗ್ ಬೇಸ್‌ಬಾಲ್ ತಂಡ ತರಬೇಕೆಂಬ ಮಾತು ಕೆಲವು ವರ್ಷಗಳಿಂದ ಕೇಳಿಬರುತ್ತಿದೆ. ತಂಡ ಬಂದರೆ ಕೆಲಸ ಹೆಚ್ಚುತ್ತದೆ, ಊರಿಗೆ ಹೆಸರು ಬರುತ್ತದೆ, ಮನೆಗಳ ಬೆಲೆ ಏರುತ್ತದೆ ಎಂದು ಕೆಲವರು ಹೇಳುತ್ತಾರೆ. ತೆರಿಗೆ ದುಡ್ಡು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎನ್ನುವವರೂ ಇದ್ದಾರೆ. ಬೇಸ್‌ಬಾಲ್ ನಮಗೆ ಅಷ್ಟಾಗಿ ತಿಳಿಯದು, ತೆರಿಗೆ ಮಾತ್ರ ಕಟ್ಟುತ್ತೇವೆ. ಇದರಲ್ಲಿ ನಾವು ಯಾವ ಕಡೆ ನಿಲ್ಲಬೇಕು?

ಉತ್ತರ: ತಂಡ ಬರಲಿ, ಆದರೆ ಸ್ಟೇಡಿಯಂನ ಸಾಲ ರಾಲಿ, ಕ್ಯಾರಿ ಎರಡೂ ಇರುವ ವೇಕ್ ಕೌಂಟಿಯ ತಲೆಗೆ ಬರಬಾರದು. ಚರ್ಚೆಯೆಲ್ಲ ‘ತಂಡ ಬೇಕೋ ಬೇಡವೋ’ ಎಂಬುದರ ಸುತ್ತಲೇ ನಡೆಯುತ್ತದೆ. ಊರಿನ ಲಾಭನಷ್ಟ ತೀರ್ಮಾನವಾಗುವುದು ಅಲ್ಲಲ್ಲ. ಬಾಂಡ್ (ಸಾಲಪತ್ರ) ಯಾರ ಹೆಸರಿನಲ್ಲಿದೆ, ವೆಚ್ಚ ಮೀರಿದರೆ ಯಾರು ತುಂಬಬೇಕು, ಇಪ್ಪತ್ತೈದು ವರ್ಷದ ನಂತರ ರಿಪೇರಿ ಯಾರದು ಎಂಬ ಮೂರು ಕಲಮುಗಳಲ್ಲಿ.

ಮೊದಲು ಈಗಿನ ಸ್ಥಿತಿ. ಲೀಗ್‌ನಲ್ಲಿ 30 ತಂಡಗಳಿವೆ. ಕೊನೆಯ ಬಾರಿ ಹೊಸ ತಂಡಗಳು ಸೇರಿದ್ದು 1998ರಲ್ಲಿ, ಅರಿಝೋನಾ ಮತ್ತು ಟ್ಯಾಂಪಾ ಬೇ. ಆಗ ಪ್ರವೇಶ ಶುಲ್ಕ ತಲಾ 13 ಕೋಟಿ ಡಾಲರ್. ಈಗ ಲೀಗ್‌ನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಅವರ ಬಾಯಲ್ಲೇ 220 ಕೋಟಿ ಡಾಲರ್ ಎಂಬ ಅಂಕಿ ಬಂದುಹೋಗಿದೆ. 2029ರ ಜನವರಿಯಲ್ಲಿ ನಿವೃತ್ತರಾಗುವ ಮೊದಲು ಇನ್ನೆರಡು ನಗರಗಳನ್ನು ಆರಿಸಿಟ್ಟು ಹೋಗಬೇಕೆಂಬುದು ಅವರ ಇಚ್ಛೆ. ಅದಕ್ಕೆ ಮೂವತ್ತು ಮಾಲೀಕರಲ್ಲಿ ಮುಕ್ಕಾಲು ಪಾಲು ಒಪ್ಪಬೇಕು. ಆಟಗಾರರ ಸಂಘದ ಜೊತೆಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುವಂಥದ್ದು. ಹೊಸ ಒಪ್ಪಂದ ಇತ್ಯರ್ಥವಾಗದೆ ವಿಸ್ತರಣೆಯ ಕಡತ ಮುಂದಕ್ಕೆ ಹೋಗುವುದು ಕಷ್ಟ. ‘ಈಗಲೇ ಹೂಂ ಅನ್ನದಿದ್ದರೆ ಅವಕಾಶ ಕೈತಪ್ಪುತ್ತದೆ’ ಎಂದು ಯಾರಾದರೂ ಅವಸರ ಮಾಡಿದರೆ, ಆ ಅವಸರ ಅವರದು, ಊರಿನದಲ್ಲ.

ಎರಡು ಸ್ಥಾನಗಳಲ್ಲಿ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ ಹೋಗಬಹುದೆಂಬುದು ಸಾಮಾನ್ಯ ಲೆಕ್ಕ. ಪಶ್ಚಿಮದಲ್ಲಿ ಸಾಲ್ಟ್ ಲೇಕ್ ಸಿಟಿ ಮತ್ತು ಪೋರ್ಟ್‌ಲ್ಯಾಂಡ್ ಮುಂದಿವೆ. ಯೂಟಾ ಶಾಸನಸಭೆ 2024ರಲ್ಲಿ 90 ಕೋಟಿ ಡಾಲರ್‌ವರೆಗೆ, ಒರೆಗಾನ್ 2025ರಲ್ಲಿ 80 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ನೆರವಿಗೆ ದಾರಿ ಮಾಡಿಕೊಟ್ಟಿವೆ. ಪೂರ್ವದಲ್ಲಿ ನ್ಯಾಶ್‌ವಿಲ್, ಒರ್ಲ್ಯಾಂಡೊ, ಮಾಂಟ್ರಿಯಲ್, ಜೊತೆಗೆ ನಿಮ್ಮದೇ ರಾಜ್ಯದ ಶಾರ್ಲೆಟ್. ಒಂದೇ ರಾಜ್ಯದ ಎರಡು ಊರುಗಳು ಒಂದೇ ಸೀಟಿಗೆ ಪೈಪೋಟಿಗಿಳಿದರೆ ಬೆಲೆ ಏರುವುದು ಕೊಳ್ಳುವವನಿಗೆ, ಮಾರುವವನಿಗಲ್ಲ.

ಮಾರುಕಟ್ಟೆಯಾಗಿ ರಾಲಿ ತೀರಾ ಚಿಕ್ಕದೇನಲ್ಲ. ರಾಲಿ-ಕ್ಯಾರಿ, ಡರಂ-ಚಾಪೆಲ್ ಹಿಲ್ ಎರಡೂ ಸೇರಿದರೆ 2020ರ ಜನಗಣತಿಯಲ್ಲೇ 20 ಲಕ್ಷ ದಾಟಿತ್ತು. ಲೀಗ್‌ನ ಅತಿ ಚಿಕ್ಕ ಊರಾದ ಮಿಲ್ವಾಕಿಯ ಮಹಾನಗರ ಪ್ರದೇಶ ಸುಮಾರು 15.7 ಲಕ್ಷ. ಆದರೂ ಅಲ್ಲಿಯ ತಂಡಕ್ಕೆ 2024ರಲ್ಲಿ 25 ಲಕ್ಷ ಟಿಕೆಟ್ ಹೋದವು. ಹಾಗಾಗಿ ತಲೆಗಳ ಎಣಿಕೆ ಅಡ್ಡಿಯಲ್ಲ, ಅಡ್ಡಿ ಬೇರೆ ಎರಡು ಕಡೆ ಇದೆ.

ಒಂದು, ಪಂದ್ಯಗಳ ಸಂಖ್ಯೆ. ಬೇಸ್‌ಬಾಲ್ ತಂಡಕ್ಕೆ ತವರಿನಲ್ಲಿ ವರ್ಷಕ್ಕೆ 81 ಪಂದ್ಯ. ನಿಮ್ಮ ಐಸ್ ಹಾಕಿ ತಂಡ ಹರಿಕೇನ್ಸ್‌ಗೆ ಸಾಮಾನ್ಯ ಸೀಸನ್‌ನಲ್ಲಿ ಸುಮಾರು ಅದರ ಅರ್ಧ. ಅದು ತುಂಬುತ್ತದೆ ಎಂದ ಮಾತ್ರಕ್ಕೆ ಇದೂ ತುಂಬುತ್ತದೆ ಎನ್ನಲಾಗದು. ಏಪ್ರಿಲ್‌ನ ಮಂಗಳವಾರ ಸಂಜೆ, ಶಾಲೆ ನಡೆಯುತ್ತಿರುವಾಗ, 25 ಸಾವಿರ ಜನ ಬರಬೇಕು. ಅಂಥ ಸಂಜೆಗಳನ್ನು ತುಂಬಿಸುವುದು ಬಹುಮಟ್ಟಿಗೆ ಕಂಪನಿಗಳು ಕೊಳ್ಳುವ ಸೀಸನ್ ಟಿಕೆಟ್ ಮತ್ತು ಐಷಾರಾಮಿ ಕೋಣೆಗಳು. ಟ್ರಯಾಂಗಲ್‌ನಲ್ಲಿ, ಅಂದರೆ ರಾಲಿ, ಡರಂ, ಚಾಪೆಲ್ ಹಿಲ್ ಸೇರಿದ ಪ್ರದೇಶದಲ್ಲಿ, ಐಬಿಎಂ, ಸಿಸ್ಕೊಗಳ ದೊಡ್ಡ ಕ್ಯಾಂಪಸ್‌ಗಳಿವೆ. ಆದರೆ ಗ್ರಾಹಕರನ್ನು ಪಂದ್ಯಕ್ಕೆ ಕರೆದೊಯ್ಯುವ ಬಜೆಟ್ ಇರುವುದು ಮುಖ್ಯ ಕಚೇರಿಗಳಲ್ಲಿ, ಎಂಜಿನಿಯರುಗಳ ಕ್ಯೂಬಿಕಲ್‌ಗಳಲ್ಲಲ್ಲ. ಬ್ಯಾಂಕ್ ಆಫ್ ಅಮೆರಿಕ, ಟ್ರೂಯಿಸ್ಟ್, ಹನಿವೆಲ್, ಡ್ಯೂಕ್ ಎನರ್ಜಿಗಳ ಮುಖ್ಯ ಕಚೇರಿಗಳಿರುವ ಶಾರ್ಲೆಟ್ ಈ ವಿಷಯದಲ್ಲಿ ಮುಂದೆ.

ಎರಡು, ಟಿವಿ ಹಣ. 1998ರಲ್ಲಿ ತಂಡ ಕೊಂಡವರಿಗೆ ಪ್ರಾದೇಶಿಕ ಕೇಬಲ್ ವಾಹಿನಿಯ ಹಣ ಏರುತ್ತಲೇ ಹೋಗುವ ಭರವಸೆ ಇತ್ತು. 2023ರ ಮಾರ್ಚ್‌ನಲ್ಲಿ, ಹತ್ತಾರು ತಂಡಗಳ ಪ್ರಸಾರ ಹಕ್ಕು ಹೊಂದಿದ್ದ ಡೈಮಂಡ್ ಸ್ಪೋರ್ಟ್ಸ್ ದಿವಾಳಿ ಅರ್ಜಿ ಹಾಕಿತು. ಅದೇ ವರ್ಷ ಸ್ಯಾನ್ ಡಿಯಾಗೊ ತಂಡದ ಪ್ರಸಾರವನ್ನು ಲೀಗೇ ನಡೆಸಬೇಕಾಯಿತು. ಶುಲ್ಕ 220 ಕೋಟಿ, ಸ್ಟೇಡಿಯಂಗೆ 150ರಿಂದ 200 ಕೋಟಿ. ಮೊದಲ ಚೆಂಡು ಬೀಳುವ ಮುನ್ನವೇ ಮಾಲೀಕನ ಹೊರೆ 400 ಕೋಟಿ ಡಾಲರ್‌ನ ಹತ್ತಿರ. ಅದರಲ್ಲಿ ಇಳಿಸಬಹುದಾದ ಭಾಗ ಒಂದೇ, ಸ್ಟೇಡಿಯಂ. ಮಾಲೀಕರ ಕಣ್ಣು ಊರಿನ ಬೊಕ್ಕಸದ ಮೇಲೆ ಬೀಳಲು ಕಾರಣ ಇದು. ದುರಾಸೆ ಅನ್ನುವುದಕ್ಕಿಂತ ಗಣಿತ ಅನ್ನಿ.

ಈಗ ನಿಮ್ಮ ಕಡೆಯ ಗಣಿತ. ಉದಾಹರಣೆಗೆ ಯೂಟಾದ ಅಂಕಿಯನ್ನೇ ತೆಗೆದುಕೊಳ್ಳೋಣ. 90 ಕೋಟಿ ಡಾಲರ್ ಬಾಂಡ್, ಶೇ 5 ಬಡ್ಡಿ, 30 ವರ್ಷ, ಸಮಾನ ಕಂತು. ವರ್ಷಕ್ಕೆ ಸುಮಾರು 5.85 ಕೋಟಿ ಡಾಲರ್, ಒಟ್ಟು ಸುಮಾರು 175 ಕೋಟಿ. ಪಂದ್ಯಕ್ಕೆ 25 ಸಾವಿರ ಜನ ಬಂದರೂ ವರ್ಷಕ್ಕೆ ಹೋಗುವ ಟಿಕೆಟ್ 20.25 ಲಕ್ಷ. ಭಾಗಿಸಿ ನೋಡಿ. ಒಬ್ಬೊಬ್ಬ ಪ್ರೇಕ್ಷಕ ಒಂದೊಂದು ಸಲ ಗೇಟು ದಾಟಿದಾಗಲೂ ತೆರಿಗೆದಾರರು ಸುಮಾರು 29 ಡಾಲರ್ ಕಟ್ಟಿದಂತೆ.

ಇದಕ್ಕೆ ಎದುರಾಗಿ ಬರುವ ಆದಾಯವೇನು? ಆಟಗಾರರ ಆದಾಯ ತೆರಿಗೆಯಿಂದಲೇ ಸಾಲ ತೀರುತ್ತದೆ ಎಂಬ ವಾದವಿದೆ. ಒರೆಗಾನ್‌ನ ಯೋಜನೆ ನಿಂತಿರುವುದೇ ಅದರ ಮೇಲೆ. ಒರೆಗಾನ್‌ನಲ್ಲಿ ಅತಿ ಹೆಚ್ಚಿನ ಆದಾಯದ ಮೇಲಿನ ದರ ಶೇ 9.9. ಉತ್ತರ ಕ್ಯಾರೊಲಿನಾದ ಏಕರೂಪ ದರ 2026ಕ್ಕೆ ಶೇ 3.99. ತವರು ತಂಡ, ಬಂದುಹೋಗುವ ತಂಡಗಳು ಸೇರಿ 15ರಿಂದ 20 ಕೋಟಿ ಡಾಲರ್ ಸಂಬಳ ಇಲ್ಲಿ ತೆರಿಗೆಗೆ ಸಿಕ್ಕಿತು ಅನ್ನೋಣ. ವರ್ಷಕ್ಕೆ 60ರಿಂದ 80 ಲಕ್ಷ ಡಾಲರ್, ಅದೂ ರಾಜ್ಯದ ಖಜಾನೆಗೆ. 5.85 ಕೋಟಿಯ ಕಂತಿನಲ್ಲಿ ಏಳನೆಯ ಒಂದು ಭಾಗವೂ ತುಂಬುವುದಿಲ್ಲ. ಪೋರ್ಟ್‌ಲ್ಯಾಂಡ್‌ನ ಲೆಕ್ಕವನ್ನು ರಾಲಿಯಲ್ಲಿ ತೋರಿಸುವವರಿದ್ದರೆ ಈ ಒಂದು ಭಾಗಾಕಾರ ಮುಂದಿಡಿ.

ಮಾರಾಟ ತೆರಿಗೆ ಇನ್ನೂ ಮೋಸಗೊಳಿಸುವ ಅಂಕಿ. ತಲಾ 35 ಡಾಲರ್‌ನಂತೆ 20 ಲಕ್ಷ ಟಿಕೆಟ್ ಹೋದರೆ 7 ಕೋಟಿ ಡಾಲರ್. ವೇಕ್ ಕೌಂಟಿಯ ಶೇ 7.25ರಂತೆ ಸುಮಾರು 50 ಲಕ್ಷ ತೆರಿಗೆ. ಆದರೆ ಇದು ಹೊಸ ಹಣವಲ್ಲ. ನಿಮ್ಮ ಪಕ್ಕದೂರು ಅಪೆಕ್ಸ್‌ನ ಒಂದು ಸಂಸಾರ ಶನಿವಾರ ಪಂದ್ಯಕ್ಕೆ 200 ಡಾಲರ್ ಖರ್ಚು ಮಾಡಿದರೆ, ಆ ವಾರ ಸಿನಿಮಾ, ಹೋಟೆಲು, ಬೌಲಿಂಗ್ ಅಷ್ಟಕ್ಕಷ್ಟೇ. ಖರ್ಚಿನ ಜಾಗ ಬದಲಾಯಿತು, ಮೊತ್ತ ಬದಲಾಗಲಿಲ್ಲ. ಹೊರಗೂ ಸೋರುತ್ತದೆ. ಹೋಟೆಲಿನ ಅಡುಗೆಯವನ ಕೂಲಿ ಊರಲ್ಲೇ ಖರ್ಚಾಗುತ್ತದೆ, ಚೆಂಡೆಸೆಯುವ ಪಿಚರ್‌ನ ಕೋಟಿಗಳು ಅವನು ಚಳಿಗಾಲ ಕಳೆಯುವ ಊರಿಗೆ ಹೋಗುತ್ತವೆ. ಆಟದ ಅರ್ಥಶಾಸ್ತ್ರ ಓದಿದವರಲ್ಲಿ ಈ ಬಗ್ಗೆ ಅಪರೂಪದ ಒಮ್ಮತವಿದೆ. ಸ್ಟೇಡಿಯಂ ಸಬ್ಸಿಡಿ ಹಾಕಿದಷ್ಟನ್ನು ಸ್ಥಳೀಯ ಆರ್ಥಿಕತೆಗೆ ಮರಳಿಸುವುದಿಲ್ಲ ಎಂಬ ತೀರ್ಮಾನಕ್ಕೆ ಮೂರು ದಶಕದಿಂದ ಗಟ್ಟಿಯಾದ ವಿರೋಧ ಬಂದಿಲ್ಲ. ಕೆಲಸಗಳ ಮಾತೂ ಹಾಗೆಯೇ. ಪಂದ್ಯದ ದಿನದ ಗೇಟು, ತಿಂಡಿ, ಪಾರ್ಕಿಂಗ್ ಕೆಲಸಗಳು ವರ್ಷಕ್ಕೆ 81 ದಿನದವು.

ಹಾಗಿದ್ದರೆ ಅಟ್ಲಾಂಟದ ಉದಾಹರಣೆ ಏಕೆ ಕೊಡುತ್ತಾರೆ? 2017ರಲ್ಲಿ ಬ್ರೇವ್ಸ್ ತಂಡ ನಗರ ಬಿಟ್ಟು ಪಕ್ಕದ ಕಾಬ್ ಕೌಂಟಿಗೆ ಹೋಯಿತು. ಸ್ಟೇಡಿಯಂ ಸುತ್ತ ‘ದಿ ಬ್ಯಾಟರಿ’ ಎಂಬ ಅಂಗಡಿ, ಕಚೇರಿ, ಅಪಾರ್ಟ್‌ಮೆಂಟುಗಳ ಬಡಾವಣೆ ಎದ್ದಿತು. ನೋಡಲು ಚೆನ್ನಾಗಿದೆ, ವ್ಯಾಪಾರವೂ ಇದೆ. ಕೌಂಟಿ ಹಾಕಿದ್ದು ಸುಮಾರು 30 ಕೋಟಿ ಡಾಲರ್, ಅದೂ ಜನಮತ ಕೇಳದೆ. ಅದೇ ಕೌಂಟಿಯ ಕೆನೆಸಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಜೆ. ಸಿ. ಬ್ರಾಡ್ಬರಿ ಲೆಕ್ಕ ಹಾಕಿ, ಕೌಂಟಿಗೆ ವರ್ಷಕ್ಕೆ ಸುಮಾರು ಒಂದೂವರೆ ಕೋಟಿ ಡಾಲರ್ ನಷ್ಟ ಎಂದರು. ಬ್ಯಾಟರಿಯ ಬಾಡಿಗೆ ಹೋಗುವುದು ತಂಡಕ್ಕೆ, ಕೌಂಟಿಗಲ್ಲ. ಒಪ್ಪಂದ ಮಾಡಿಕೊಂಡ ಕೌಂಟಿ ಅಧ್ಯಕ್ಷ 2016ರಲ್ಲಿ ಸ್ವಂತ ಪಕ್ಷದ ಒಳ ಚುನಾವಣೆಯಲ್ಲೇ ಸೋತರು. ಈಗ ಎಲ್ಲ ಮಾಲೀಕರಿಗೂ ಬೇಕಿರುವುದು ಇದೇ ಮಾದರಿ. ಹಾಗಾಗಿ ರಾಲಿಯಲ್ಲೂ ಮೊದಲ ಬೇಡಿಕೆ ನಗದಿನದಾಗಿರಲಿಕ್ಕಿಲ್ಲ, ಜಮೀನಿನದಾಗಿರುತ್ತದೆ. ಸ್ಟೇಡಿಯಂ ಒಂದಕ್ಕೆ 12–15 ಎಕರೆ ಸಾಕು. ಅದಕ್ಕಿಂತ ಹೆಚ್ಚು ಕೇಳಿದರೆ ಉಳಿದದ್ದು ರಿಯಲ್ ಎಸ್ಟೇಟ್. ಅದಕ್ಕೆ ಮಾರುಕಟ್ಟೆ ಬೆಲೆ ಹಾಕಿ, ಅದನ್ನೂ ಸಬ್ಸಿಡಿ ಎಂದೇ ಬರೆದುಕೊಳ್ಳಬೇಕು.

ಇನ್ನು ಸಾಧ್ಯತೆಗಳಲ್ಲಿ ಅತಿ ಹೆಚ್ಚಿನದು: ರಾಲಿಯನ್ನು ತೋರಿಸಿ ಬೇರೆ ಊರಿನಿಂದ ಹಣ ಎತ್ತುವುದು. ಲೀಗ್‌ಗೆ 1922ರ ಸುಪ್ರೀಂ ಕೋರ್ಟ್ ತೀರ್ಪಿನಿಂದ ಏಕಸ್ವಾಮ್ಯ ವಿರೋಧಿ ಕಾನೂನಿನಿಂದ ವಿನಾಯಿತಿ ಸಿಕ್ಕಿದೆ. ತಂಡಗಳ ಸಂಖ್ಯೆಯನ್ನು ಬೇಡಿಕೆಗಿಂತ ಸ್ವಲ್ಪ ಕಡಿಮೆ ಇಟ್ಟರೆ ತಂಡವಿಲ್ಲದ ಒಂದೆರಡು ಶ್ರೀಮಂತ ಊರುಗಳು ಸದಾ ಬಾಗಿಲಲ್ಲಿ ನಿಂತಿರುತ್ತವೆ. ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಊರು. ತಂಡವೇ ಇಲ್ಲದೆ 1990ರಲ್ಲಿ ಗುಮ್ಮಟದ ಸ್ಟೇಡಿಯಂ ತೆರೆಯಿತು. ಅದು ಕಟ್ಟುತ್ತಿರುವಾಗಲೇ, 1988ರಲ್ಲಿ, ಷಿಕಾಗೊ ವೈಟ್ ಸಾಕ್ಸ್ ‘ಅಲ್ಲಿಗೆ ಹೋಗುತ್ತೇವೆ’ ಎಂದು ಹೆದರಿಸಿ ಇಲಿನಾಯ್ಸ್‌ನಿಂದ ಹೊಸ ಸ್ಟೇಡಿಯಂ ಪಡೆಯಿತು. 1992ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಬರುವುದು ಬಹುತೇಕ ಗಟ್ಟಿಯಾಗಿತ್ತು, ಮಾಲೀಕರ ಮತದಲ್ಲಿ ಬಿದ್ದುಹೋಯಿತು. ಕೊನೆಗೆ ಟ್ಯಾಂಪಾ ಬೇ ತಂಡ ಬಂದದ್ದು 1998ಕ್ಕೆ. ಅಷ್ಟು ಹೊತ್ತಿಗೆ ಕಟ್ಟಡ ಹಳತಾಗಿತ್ತು. ಅತ್ತ ಜೈಂಟ್ಸ್‌ನ ಕಥೆ ಬೇರೆ ತಿರುವು ಪಡೆಯಿತು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾ ಮತದಾರರು ಸಾರ್ವಜನಿಕ ಹಣದ ನಾಲ್ಕು ಪ್ರಸ್ತಾಪಗಳನ್ನು ಸೋಲಿಸಿದ ಮೇಲೆ, ಹೊಸ ಮಾಲೀಕರು 2000ದಲ್ಲಿ ಬಹುಪಾಲು ಖಾಸಗಿ ಹಣದಿಂದಲೇ ಕಟ್ಟಿದರು. ಇಲ್ಲ ಎಂದರೆ ತಂಡ ಹೋಗಿಯೇಬಿಡುತ್ತದೆ ಎಂಬ ಮಾತಿಗೆ ಇದೇ ಉತ್ತರ.

ನಿಮ್ಮ ರಾಜ್ಯಕ್ಕೂ ಈ ಅನುಭವವಿದೆ. 1997–98ರಲ್ಲಿ ಮಿನೆಸೋಟಾ ಟ್ವಿನ್ಸ್ ತಂಡವನ್ನು ಗ್ರೀನ್ಸ್‌ಬರೊ–ವಿನ್ಸ್‌ಟನ್-ಸೇಲಂ ಭಾಗಕ್ಕೆ ತರುವ ಮಾತಾಗಿತ್ತು. 1998ರ ಮೇ ತಿಂಗಳಲ್ಲಿ ಗಿಲ್ಫರ್ಡ್ ಮತ್ತು ಫಾರ್ಸೈತ್ ಕೌಂಟಿಗಳ ಮತದಾರರು ಸ್ಟೇಡಿಯಂಗಾಗಿ ಕೇಳಿದ ಹೋಟೆಲ್ ಊಟದ ಮೇಲಿನ ಶೇ 1 ತೆರಿಗೆಯನ್ನು ತಿರಸ್ಕರಿಸಿದರು. ಟ್ವಿನ್ಸ್ ಎಲ್ಲಿಗೂ ಹೋಗಲಿಲ್ಲ. 2010ರಲ್ಲಿ ಮಿನಿಯಾಪೊಲಿಸ್‌ನಲ್ಲೇ ಹೊಸ ಸ್ಟೇಡಿಯಂ ಸಿಕ್ಕಿತು, ಹೆನ್ನೆಪಿನ್ ಕೌಂಟಿಯ ಶೇ 0.15 ಮಾರಾಟ ತೆರಿಗೆಯಿಂದ, ಜನಮತವಿಲ್ಲದೆ.

ಇಷ್ಟೆಲ್ಲ ಆದಮೇಲೂ ಒಪ್ಪಂದದ ಕರಡು ಮೇಜಿಗೆ ಬಂದರೆ ಏನು ನೋಡಬೇಕು ಎಂಬುದೇ ಕೆಲಸಕ್ಕೆ ಬರುವ ಭಾಗ.

ಸಾರ್ವಜನಿಕ ಪಾಲು ನಿಗದಿತ ಮೊತ್ತವಾಗಿರಬೇಕು, ಶೇಕಡಾವಾರು ಅಲ್ಲ. ನೆವಾಡಾ 2023ರಲ್ಲಿ ಅಥ್ಲೆಟಿಕ್ಸ್ ತಂಡಕ್ಕೆ 38 ಕೋಟಿ ಡಾಲರ್‌ಗೆ ಮಿತಿ ಹಾಕಿತು. ಆಮೇಲೆ ಲಾಸ್ ವೇಗಸ್ ಸ್ಟೇಡಿಯಂನ ಅಂದಾಜು 150 ಕೋಟಿಯಿಂದ 175, ಅಲ್ಲಿಂದ 200 ಕೋಟಿಗೆ ಹೋಯಿತು. ಏರಿದ್ದು ಮಾಲೀಕನ ಪಾಲು. ಆ ಸಬ್ಸಿಡಿಯೇ ಬೇಕಿರಲಿಲ್ಲ ಎನ್ನುವವರೂ ಈ ಕಲಮನ್ನು ಮೆಚ್ಚಬೇಕು.

ಕಂತಿನ ಸ್ವರೂಪ ಕೇಳಿ. ಮಯಾಮಿ-ಡೇಡ್ ಕೌಂಟಿ 2012ರಲ್ಲಿ ತೆರೆದ ಸ್ಟೇಡಿಯಂಗೆ ತೆಗೆದ ಬಾಂಡ್‌ಗಳಲ್ಲಿ ಆರಂಭದ ವರ್ಷಗಳ ಬಡ್ಡಿಯನ್ನು ಮುಂದಕ್ಕೆ ತಳ್ಳಿದ್ದರು. 2048ರವರೆಗೆ ಎಳೆದು, ಬಡ್ಡಿ ಸೇರಿ ಕಟ್ಟಬೇಕಾದದ್ದು ಸುಮಾರು 240 ಕೋಟಿ ಡಾಲರ್. ತೆರಿಗೆ ಏರಿಕೆಯ ಜೊತೆ ಇದೂ ಸೇರಿ 2011ರಲ್ಲಿ ಮೇಯರ್‌ರನ್ನು ಜನ ಮತ ಹಾಕಿ ಹುದ್ದೆಯಿಂದ ಇಳಿಸಿದರು. ತಂಡ ಮಾರಿದರೆ ಲಾಭದಲ್ಲಿ ಪಾಲು ಎಂಬ ಕಲಮೂ ಅಲ್ಲಿತ್ತು. 2017ರಲ್ಲಿ ತಂಡ 120 ಕೋಟಿಗೆ ಮಾರಾಟವಾಯಿತು. ಸಾಲ, ತೆರಿಗೆ, ಶುಲ್ಕವೆಂದು ಎಲ್ಲ ಕಳೆದು ‘ಲಾಭವೇ ಇಲ್ಲ’ ಎಂದರು. ಕೋರ್ಟಿಗೆ ಹೋದ ಮೇಲೆ ಸಿಕ್ಕಿದ್ದು 42 ಲಕ್ಷ. ಆದ್ದರಿಂದ ಪಾಲು ಕೇಳುವುದಾದರೆ ಮಾರಾಟ ಬೆಲೆಯ ಮೇಲೆ ಕೇಳಬೇಕು, ಲಾಭದ ಮೇಲಲ್ಲ.

‘ಅತ್ಯಾಧುನಿಕ ಮಟ್ಟದಲ್ಲಿ ಇಟ್ಟುಕೊಳ್ಳತಕ್ಕದ್ದು’ ಎಂಬ ವಾಕ್ಯ ಕಂಡರೆ ಅಲ್ಲೇ ನಿಲ್ಲಿ. ಸೇಂಟ್ ಲೂಯಿಸ್‌ನಲ್ಲಿ ಇಂಥದೇ ಕಲಮು ಹಿಡಿದು ಫುಟ್‌ಬಾಲ್ ತಂಡ ಗುತ್ತಿಗೆಯಿಂದ ಬಿಡಿಸಿಕೊಂಡು, 2016ರಲ್ಲಿ ಲಾಸ್ ಏಂಜಲೀಸ್‌ಗೆ ಹೊರಟುಹೋಯಿತು. ದೊಡ್ಡ ರಿಪೇರಿಗೆ ಪ್ರತ್ಯೇಕ ನಿಧಿ, ಅದಕ್ಕೆ ತಂಡದಿಂದ ವಾರ್ಷಿಕ ಜಮೆ, ಇವೆರಡೂ ಕಾಗದದಲ್ಲಿರಬೇಕು. ಮಿಲ್ವಾಕಿಯ ಐದು ಕೌಂಟಿಗಳು 1996ರಿಂದ 2020ರವರೆಗೆ ಶೇ 0.1 ಮಾರಾಟ ತೆರಿಗೆ ಕಟ್ಟಿ ಸಾಲ ತೀರಿಸಿದವು. ಮೂರೇ ವರ್ಷದಲ್ಲಿ, 2023ರಲ್ಲಿ, ರಿಪೇರಿಗೆಂದು ಸುಮಾರು 50 ಕೋಟಿ ಡಾಲರ್‌ನ ಇನ್ನೊಂದು ಸಾರ್ವಜನಿಕ ಪ್ಯಾಕೇಜ್ ಬಂತು.

ಊರು ಬಿಡದಿರುವ ಒಪ್ಪಂದದಲ್ಲಿ ಬರೀ ದಂಡದ ಮೊತ್ತ ಸಾಲದು. ಕೋರ್ಟು ತಂಡವನ್ನು ಆಡಿಸುವಂತೆ ಆದೇಶಿಸಬಹುದೆಂದು ಸ್ಪಷ್ಟವಾಗಿ ಬರೆದಿರಬೇಕು. 2001ರಲ್ಲಿ ಲೀಗ್ ಎರಡು ತಂಡಗಳನ್ನು ಮುಚ್ಚಲು ಹೊರಟಾಗ ಟ್ವಿನ್ಸ್ ಉಳಿದದ್ದು ಹಾಗೆ. ಗುತ್ತಿಗೆಯ ಪ್ರಕಾರ 2002ರ ಸೀಸನ್ ಆಡಲೇಬೇಕೆಂದು ಮಿನೆಸೋಟಾದ ನ್ಯಾಯಾಧೀಶರು ಆದೇಶಿಸಿದರು.

ಸ್ಟೇಡಿಯಂಗೆ ತಂಡ ಕೊಡುವ ಬಾಡಿಗೆ ಸಾಮಾನ್ಯವಾಗಿ ಏಕೆ ಕಡಿಮೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೊಂದು ವಿಚಿತ್ರ ಕಾರಣವಿದೆ. 1986ರ ಫೆಡರಲ್ ತೆರಿಗೆ ಕಾಯ್ದೆಯಂತೆ, ಖಾಸಗಿಯವರು ಬಳಸುವ ಕಟ್ಟಡದ ಬಾಂಡ್‌ಗೆ ಬಡ್ಡಿ ತೆರಿಗೆ ವಿನಾಯಿತಿ ಬೇಕಾದರೆ ಕಂತಿನ ಶೇ 10ಕ್ಕಿಂತ ಹೆಚ್ಚು ಆ ಕಟ್ಟಡದ ಆದಾಯದಿಂದ ಬರಬಾರದು. ಅಗ್ಗದ ಸಾಲ ಬೇಕೆಂದರೆ ತಂಡದಿಂದ ಹೆಚ್ಚು ವಸೂಲಿ ಮಾಡುವಂತಿಲ್ಲ, ಉಳಿದ ಶೇ 90 ಸಾಮಾನ್ಯ ತೆರಿಗೆಯಿಂದಲೇ ಬರಬೇಕು. ಈ ನಿಯಮ ತಂದದ್ದು ಸಬ್ಸಿಡಿ ನಿಲ್ಲಿಸಲಿಕ್ಕೆ. ಆದದ್ದು ತಿರುವು ಮುರುವು. ತೆರಿಗೆ ವಿನಾಯಿತಿ ಬಿಟ್ಟು ಸ್ವಲ್ಪ ಹೆಚ್ಚಿನ ಬಡ್ಡಿಗೆ ಸಾಲ ತೆಗೆದು, ತಂಡದ ಬಾಡಿಗೆಯಿಂದ ತೀರಿಸುವುದು ಊರಿಗೆ ಎಷ್ಟೋ ಸಲ ಅಗ್ಗ.

ರಾಲಿಗೇ ವಿಶೇಷವಾದ ಮೂರು ಸಂಗತಿಗಳಿವೆ. ಚಾವಣಿ ಒಂದು. ಜುಲೈ ಸೆಕೆ, ಸಂಜೆಯ ಗುಡುಗು ಮಳೆ ನಿಮಗೆ ಗೊತ್ತೇ ಇದೆ. ಟೆಕ್ಸಾಸ್‌ನ ಆರ್ಲಿಂಗ್ಟನ್ 1994ರಲ್ಲಿ ಚಾವಣಿಯಿಲ್ಲದೆ ಕಟ್ಟಿ, ಬಿಸಿಲಿನ ಕಾರಣ ಮುಂದಿಟ್ಟು 2020ರಲ್ಲಿ ಇನ್ನೊಂದನ್ನು ಕಟ್ಟಿತು. ಮತದಾರರು ಒಪ್ಪಿದ ಪಾಲು 50 ಕೋಟಿ ಡಾಲರ್‌ವರೆಗೆ. ಹಾಗಾಗಿ ಮೊದಲ ಅಂದಾಜಿನಲ್ಲಿ ಚಾವಣಿ ಸೇರಿದೆಯೇ ಎಂದು ಕೇಳಿ. ಇನ್ನೊಂದು ಓಡಾಟ. ಡರಂ–ಆರೆಂಜ್ ಲೈಟ್ ರೈಲು 2019ರಲ್ಲೇ ಕೈಬಿಟ್ಟ ಯೋಜನೆ. ಸಂಜೆ ಆರೂವರೆಗೆ ಐ-40 ಹೆದ್ದಾರಿಯಲ್ಲಿ ಇನ್ನೂ ಹತ್ತು ಸಾವಿರ ಕಾರು ಸೇರಿದರೆ ಏನಾಗುತ್ತದೆಂದು ನಾನು ಹೇಳಬೇಕಿಲ್ಲ. ಮೂರನೆಯದು ಡರಂ ಬುಲ್ಸ್. ಅದು ಮೇಜರ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ತಂಡ, 1995ರಲ್ಲಿ ತೆರೆದ ಸ್ಟೇಡಿಯಂ ಡರಂ ನಗರದ್ದು. ದೊಡ್ಡ ತಂಡ ಬಂದಾಗ ಇಂಥವು ಜಾಗ ಖಾಲಿ ಮಾಡುವುದೇ ರೂಢಿ. 1993ರಲ್ಲಿ ಡೆನ್ವರ್‌ನ ತಂಡ ನ್ಯೂ ಆರ್ಲಿಯನ್ಸ್‌ಗೆ ಹೋಯಿತು, 1998ರಲ್ಲಿ ಫೀನಿಕ್ಸ್‌ನದೂ ಊರು ಬಿಟ್ಟಿತು. ರಾಲಿಯ ಲಾಭದ ಪಟ್ಟಿಯಲ್ಲಿ ಡರಂನ ನಷ್ಟ ಯಾರೂ ಬರೆಯುವುದಿಲ್ಲ.

ಹಣದ ಮೂಲದ ಬಗ್ಗೆ ಒಂದು ಮಾತು. ವೇಕ್ ಕೌಂಟಿಯಲ್ಲಿ ಹೋಟೆಲ್ ಕೋಣೆಗೆ ಶೇ 6, ಸಿದ್ಧ ಊಟಕ್ಕೆ ಶೇ 1 ತೆರಿಗೆ ಇದೆ. ಅದರಿಂದಲೇ ಹರಿಕೇನ್ಸ್ ಆಡುವ ಐಸ್ ಹಾಕಿ ಅರೀನಾದ ನವೀಕರಣಕ್ಕೆ 30 ಕೋಟಿ ಡಾಲರ್ ಈಗಾಗಲೇ ಒಪ್ಪಿದ್ದಾರೆ. ಹೊಸ ತೆರಿಗೆ ಬೇಕೆಂದರೆ ನಗರಸಭೆಯೋ ಕೌಂಟಿಯೋ ತಾನಾಗಿ ಹಾಕುವಂತಿಲ್ಲ, ರಾಜ್ಯ ಶಾಸನಸಭೆಯ ಅನುಮತಿ ಬೇಕು. ಮತ್ತೆ, ಊರಿನ ತೆರಿಗೆ ಹಾಕುವ ಅಧಿಕಾರವನ್ನೇ ಭದ್ರತೆಯಾಗಿಟ್ಟ ‘ಸಾಮಾನ್ಯ ಬಾಧ್ಯತೆ’ಯ ಬಾಂಡ್‌ಗೆ ಜನಮತ ಬೇಕು, ಹಾಗೆ ಇಡದ ‘ಸೀಮಿತ ಬಾಧ್ಯತೆ’ಯ ಬಾಂಡ್‌ಗೆ ಬೇಡ. ಕರಡಿನಲ್ಲಿ ಎರಡನೆಯದನ್ನು ಆರಿಸಿದ್ದರೆ ಕಾರಣ ಕೇಳುವ ಹಕ್ಕು ನಿಮಗಿದೆ.

ನಿಮ್ಮ ಪಕ್ಕದಲ್ಲೇ ಇನ್ನೊಂದು ಹೋಲಿಕೆ ಸಿಗುತ್ತದೆ. ಮಾರಿಸ್‌ವಿಲ್‌ನ ಚರ್ಚ್ ಸ್ಟ್ರೀಟ್ ಪಾರ್ಕಿನಲ್ಲಿ 2023, 2024ರಲ್ಲಿ ಮೇಜರ್ ಲೀಗ್ ಕ್ರಿಕೆಟ್ ನಡೆಯಿತು, ಊರಿನ ಉದ್ಯಾನದಲ್ಲೇ. ಅದೇ ಲೀಗ್‌ನ ಟೆಕ್ಸಾಸ್ ಮೈದಾನ, ಗ್ರ್ಯಾಂಡ್ ಪ್ರೇರಿಯದು, ಮೊದಲು ಬೇಸ್‌ಬಾಲ್ ಸ್ಟೇಡಿಯಂ. 2008ರಲ್ಲಿ ತೆರೆದು, ತಂಡ ಮುಚ್ಚಿದ ಮೇಲೆ ಕ್ರಿಕೆಟ್‌ಗೆ ಮಾರ್ಪಟ್ಟಿತು. 35 ಸಾವಿರ ಆಸನದ ಮೇಜರ್ ಲೀಗ್ ಸ್ಟೇಡಿಯಂಗೆ ಅಂಥ ಮರುಬಳಕೆ ಸುಲಭವಲ್ಲ.

ಹಾಗೆಂದು ತಂಡದ ಸಂತೋಷಕ್ಕೆ ಬೆಲೆಯೇ ಇಲ್ಲ ಎನ್ನುತ್ತಿಲ್ಲ. ಬೇಸಿಗೆಯ ಸಂಜೆ ಮಕ್ಕಳ ಜೊತೆ ಹೋಗಿ ಕೂರಲು ಒಂದು ಜಾಗ, ಊರಿನವರೆಲ್ಲ ಆಡಿಕೊಳ್ಳಲು ಒಂದು ಮಾತು ಬೇಕು ಎನಿಸಿದರೆ ಉದ್ಯಾನಕ್ಕೆ, ಗ್ರಂಥಾಲಯಕ್ಕೆ ತೆರಿಗೆ ಕಟ್ಟಿದಂತೆ ಇದಕ್ಕೂ ಕಟ್ಟಬಹುದು. ಆಗ ಅದನ್ನು ಖರ್ಚು ಎಂದೇ ಕರೆಯಬೇಕು, ಹೂಡಿಕೆ ಎಂದಲ್ಲ. ರಸ್ತೆ, ಒಳಚರಂಡಿ, ಬಸ್ ಮಾರ್ಗದಂತಹ, ತಂಡ ಹೋದರೂ ಊರಿಗೆ ಉಳಿಯುವ ಕೆಲಸಗಳಿಗೆ ಕೌಂಟಿ ಹಣ ಹಾಕಿದರೆ ನನ್ನ ಆಕ್ಷೇಪವಿಲ್ಲ. ಅದರಾಚೆಗಿನ ಯಾವ ಪ್ರಸ್ತಾಪ ಬಂದರೂ ಕೌಂಟಿ ಕಮಿಷನರ್‌ಗಳ ಸಭೆಗೆ ಹೋಗಿ ಮೂರು ಕಾಗದ ಕೇಳಿ: ಕೊನೆಯ ವರ್ಷದವರೆಗಿನ ಕಂತಿನ ಪಟ್ಟಿ, ಗುತ್ತಿಗೆಯ ಪೂರ್ಣ ಕರಡು, ಮತ್ತು ಲಾಭದ ಅಂದಾಜು ಮಾಡಿಕೊಟ್ಟ ಸಲಹಾ ಸಂಸ್ಥೆಗೆ ಹಣ ಕೊಟ್ಟವರು ಯಾರೆಂಬ ದಾಖಲೆ. ಮತದಾನಕ್ಕೆ ಕನಿಷ್ಠ ಒಂದು ತಿಂಗಳ ಮೊದಲು ಇವು ಸಾರ್ವಜನಿಕರ ಕೈಗೆ ಬರದಿದ್ದರೆ ಮತವನ್ನು ಮುಂದೂಡಿ ಎಂದು ಲಿಖಿತವಾಗಿ ಕೊಡಿ.